ತಿರುಮಲೇಶರ ಒಂಟಿ ಬೂಟು
ನಮ್ಮ ಅಂಧೇರಿಯ ಬಿಲ್ಡಿಂಗಿನ ತಿರುಮಲೇಶರು ಛತ್ರಿ ಕೊಳ್ಳುವುದಕ್ಕೂ ಎರಡು ಮಳೆಗಾಲ ಯೋಚಿಸಿದವರು. ಪವಾಯಿಯ ಪ್ರಯೋಗಾಲಯಕ್ಕೆ ದಿನವೂ ಸೈಕಲ್ಲಿನಲ್ಲೇ ಹೋಗುತ್ತಿದ್ದ ಅವರಿಗೆ ತೊಂಬತ್ತೊಂದನೆಯ ಇಸವಿಯಲ್ಲಿ ಭಾವಮೈದುನ ಜರ್ಮನಿಯಿಂದ ಹೊಸ ಬಗೆಯ ಪೆಡಲುಗಳನ್ನೂ ಅವಕ್ಕೆ ಕಚ್ಚಿಕೊಳ್ಳುವ ಬೂಟುಗಳನ್ನೂ ತಂದುಕೊಟ್ಟ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರಷ್ಟೇ ಕಾಲಿಗೆ ಬಿಡುಗಡೆ. "ಸಿಗ್ನಲ್ ಹತ್ರ ರಿಕ್ಷಾ ಅಡ್ಡ ಬಂದ್ರೆ ಏನ್ ಗತಿ ಮೇಷ್ಟ್ರೇ?" ಎಂದು ಸಿಕ್ಕಾಗಲೆಲ್ಲ ನನ್ನನ್ನು ಕೇಳುತ್ತಿದ್ದರು. "ಒಂಟಿಯಾಗಿ ಬೀಳಲ್ಲ ಬಿಡಿ, ಸೈಕಲ್ಲೂ ಜೊತೆಗೆ ಬರುತ್ತೆ" ಎಂದು ಅವರ ಹೆಂಡತಿ ಸುಮಿತ್ರಾ ಒಳಗಿನಿಂದ ಉತ್ತರಿಸುತ್ತಿದ್ದರು. ಮೂರು ತಿಂಗಳು ಕಾಂಪೌಂಡ್ ಗೋಡೆ ಹಿಡಿದು ಕಾಲು ಸಿಕ್ಕಿಸಿ ಬಿಡಿಸುವ ಅಭ್ಯಾಸ ನಡೆಯಿತು. ಕೊನೆಗೊಂದು ಸೋಮವಾರ ಎಡಕ್ಕಷ್ಟೇ ಹೊಸ ಪೆಡಲು ಹಾಕಿಸಿ, ಎಡಗಾಲಿಗೆ ಜರ್ಮನಿಯ ಬೂಟು, ಬಲಗಾಲಿಗೆ ಹಳೆಯ ಚಪ್ಪಲಿ ತೊಟ್ಟು ಹೊರಟರು. ಬಿಲ್ಡಿಂಗಿಗೆ ಬಿಲ್ಡಿಂಗೇ ನಕ್ಕಿತು. "ಬಲಗಾಲು ಸಿಗ್ನಲ್ಲಿಗೆ, ಎಡಗಾಲು ಏರಿಗೆ" ಎಂದಷ್ಟೇ ತಿರುಮಲೇಶರು ಹೇಳಿದರು. ಬಾಲ್ಯದ ಪೋಲಿಯೋದಿಂದ ಸೊರಗಿದ ಆ ಎಡಗಾಲು ಏರಿನಲ್ಲಿ ಪೆಡಲಿನಿಂದ ಜಾರುತ್ತಿತ್ತೆಂದೂ, ಅದಕ್ಕಾಗಿಯೇ ಹನ್ನೊಂದು ವರ್ಷ ಅವರು ಪವಾಯಿಯ ದಿಬ್ಬದಲ್ಲಿ ಇಳಿದು ಸೈಕಲ್ ತಳ್ಳುತ್ತಿದ್ದರೆಂದೂ ನಮಗಾರಿಗೂ ತಿಳಿದಿರಲಿಲ್ಲ. ಅಂದು ಬಸ್ಸಿನ ಕಿಟಕಿಯಿಂದ ನಾನೇ ಕಂಡೆ: ತಿರುಮಲೇಶರು ದಿಬ್ಬದ ನಡುವೆ ಇಳಿಯಲಿಲ್ಲ, ಬೆಲ್ಲು ಬಾರಿಸುತ್ತ, ಏದುಸಿರು ಬಿಡುತ್ತಿದ್ದ ನಮ್ಮ ಬಸ್ಸನ್ನೇ ಹಿಂದೆ ಹಾಕಿ ಹೋದರು.