ಒಲೆ ಹಚ್ಚದ ಜರ್ಮನ್ ಮನೆಯ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇದುವರೆಗೆ ಇಂಥ ಬರವಣಿಗೆ ಮಾಡಿದವಳಲ್ಲ. ನಿವೃತ್ತಿಯಾಗುವವರೆಗೂ ಗದಗಿನ ಒಂದು ಕಚೇರಿಯಲ್ಲಿ ಪತ್ರಗಳ ಕರಡು ತಯಾರಿಸಿಕೊಂಡಿದ್ದವಳು. ಆದಕಾರಣ ನೆನಪುಗಳು ಕೂಡ ‘ಸದರಿ’, ‘ಮೇಲ್ಕಂಡ’ ಎಂಬ ಕೋಲು ಊರಿಕೊಂಡೇ ಹೊರಬರುತ್ತಿವೆ. ಸಹಿಸಿಕೊಳ್ಳಬೇಕಾಗಿ ವಿನಂತಿ.

ನಮ್ಮದೊಂದು ಓದುಗರ ಬಳಗವಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬರುವ ನಾವು ತಿಂಗಳಿಗೊಮ್ಮೆ, ಮಾರುಕಟ್ಟೆಗೆ ರಜೆಯಿರುವ ದಿನ, ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಸೇರುತ್ತೇವೆ. ಶಿರಹಟ್ಟಿಯ ನಿವೃತ್ತ ಮುಖ್ಯೋಪಾಧ್ಯಾಯರು ನಮ್ಮ ಅಧ್ಯಕ್ಷರು. ಕಳೆದ ವರ್ಷ ಅವರು, ಇನ್ನು ಮುಂದೆ ಜರ್ಮನಿಯ ಜನಜೀವನವನ್ನು ಕುರಿತ ಕಾದಂಬರಿ ಮತ್ತು ಆತ್ಮಕಥೆಗಳನ್ನೇ ಓದತಕ್ಕದ್ದೆಂದು ತೀರ್ಮಾನಿಸಿದರು. ಅಂಥವು ಕನ್ನಡದಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ಒಂದೇ ಪ್ರತಿ. ಸದರಿ ತೊಂದರೆಯನ್ನು ವ್ಯಾಪಾರಿಗಳು ತಮ್ಮ ಕಸುಬಿನ ಮೂಲಕವೇ ನಿವಾರಿಸಿದರು. ಪುಸ್ತಕದ ಹೊಲಿಗೆ ಬಿಚ್ಚಿ ನಾಲ್ಕು ಪಾಲು ಮಾಡಿ, ಚೀಲ ಹೊಲಿಯುವ ದಬ್ಬಳದಿಂದ ಸೆಣಬಿನ ದಾರ ಹಾಕಿ ಬಿಗಿದು, ಊರಿಗೊಂದರಂತೆ ಹಂಚಿದರು. ಸಭೆ ಮುಗಿದ ಮೇಲೆ ಪಾಲುಗಳು ಅದಲುಬದಲಾಗುತ್ತವೆ. ಹೀಗಾಗಿ ಮೊದಲ ಸಭೆಯಲ್ಲಿ ಇಡೀ ಪುಸ್ತಕ ಓದಿದವರು ಯಾರೂ ಇರುವುದಿಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇರುತ್ತದೆ.

ನಾನೀಗ ಹೇಳಹೊರಟಿರುವ ಪುಸ್ತಕ ಜರ್ಮನಿಯ ಸಣ್ಣ ಊರೊಂದರಲ್ಲಿ ಬೆಳೆದ ಹೆಣ್ಣುಮಗಳ ಬಾಲ್ಯದ ನೆನಪುಗಳು. ಮೊದಲ ಪಾಲು ನನಗೆ ಬಂದಿತ್ತು. ಅದರಲ್ಲಿ ಸಂಜೆಯಾಗುತ್ತಲೇ ತಾಯಿ ಮೇಜಿನ ಮೇಲೆ ಮರದ ಹಲಗೆಯಿಟ್ಟು ಬ್ರೆಡ್ ಕೊಯ್ಯುತ್ತಾಳೆ. ಜೊತೆಗೆ ಚೀಸು, ಸೌತೆಕಾಯಿ, ಮೂಲಂಗಿ. ಒಲೆ ಹಚ್ಚುವುದಿಲ್ಲ. ಯಾರೂ ಹೆಚ್ಚು ಮಾತಾಡುವುದಿಲ್ಲ. ಅಜ್ಜನ ಕುರ್ಚಿ ಖಾಲಿ. ಪಕ್ಕದ ಮನೆಯಾಕೆ ಮುಚ್ಚಿದ ಪಾತ್ರೆಯೊಂದನ್ನು ತಂದಿಟ್ಟು ಹೋಗುತ್ತಾಳೆ.

ಇದನ್ನು ಓದಿ ನನಗೆ ಹಾಯೆನಿಸಿತು. ಕಾರಣ, ನನ್ನ ಮನೆಯ ರಾತ್ರಿಯೂ ಹೀಗೆಯೇ. ನಮ್ಮ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಮೊದಲ ವರ್ಷ ರಾತ್ರಿ ಹೊತ್ತು ದುಃಖದಿಂದ ಒಲೆ ಹಚ್ಚಲಿಲ್ಲ. ಆಮೇಲೆ, ವಾಸ್ತವಾಂಶವನ್ನು ನಮೂದಿಸುವುದಾದರೆ, ಸುಖದಿಂದ ಹಚ್ಚಲಿಲ್ಲ. ಬೇಕರಿಯ ಬ್ರೆಡ್ಡು, ಶೇಂಗಾ ಚಟ್ನಿ, ಮೊಸರು. ಮೊಸರಿನ ಗಡಿಗೆಗೆ ಒರಗಿಸಿಟ್ಟ ಪುಸ್ತಕ.

ಈ ವ್ಯವಸ್ಥೆಗೆ ಆಕ್ಷೇಪಣೆ ಬಂದದ್ದು ನನ್ನ ನೆಗೆಣ್ಣಿಯಿಂದ. ಅಂದರೆ ಯಜಮಾನರ ಅಣ್ಣನ ಹೆಂಡತಿ. ಗದಗಿಗೆ ಹತ್ತಿರದ ಮಲ್ಲಸಮುದ್ರದ ತುಂಬಿದ ಮನೆಯವರು. ನಮ್ಮ ಕಡೆ ಒಲೆ ಹಚ್ಚದಿರುವುದು ಸಾವಾದ ಮನೆಯಲ್ಲಿ ಮಾತ್ರ. ಆಗ ನೆರೆಯವರು, ಬೀಗರು ಬುತ್ತಿ ತರುತ್ತಾರೆ. ಒಂದು ಸಂಜೆ ನೆಗೆಣ್ಣಿ ಹೇಳದೇ ಬಂದು, ನೇರ ಅಡುಗೆಮನೆಗೆ ಹೋಗಿ ಒಲೆ ಮುಟ್ಟಿ ನೋಡಿದರು.

“ತಂಗಿ, ಒಲಿ ಯಾಕ ತಣ್ಣಗೈತಿ?”

“ಬ್ರೆಡ್ ಐತ್ರಿ ಅಕ್ಕಾರ.”

“ಬ್ರೆಡ್ ಜ್ವರಾ ಬಂದಾವ್ರು ತಿಂತಾರ. ಇನ್ನೂ ಎಷ್ಟ ವರ್ಷ ಸೂತಕ ಹಿಡೀತಿ? ಖೋಲಿ ಸಾರಿಸಿ ಇಟ್ಟೇನಿ, ನಮ್ಮನಿಗೆ ನಡಿ. ಅಲ್ಲೇ ಇರು.”

ಅವರದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಆ ಮನೆಯಲ್ಲಿ ಪುಸ್ತಕ ತೆರೆದರೆ ಪುಟಕ್ಕೊಬ್ಬರು ಬಂದು “ಏನ ಓದಾಕತ್ತೀರಿ?” ಎನ್ನುತ್ತಾರೆ. ಬರುವುದಿಲ್ಲವೆಂದು ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ. ಸೇವೆಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬುದಕ್ಕಿಂತ ಕಠಿಣವಾದ ಉತ್ತರ ಬರೆದವಳಲ್ಲ. “ಲಕ್ಷ್ಮೇಶ್ವರದ ಸಭೆ ಮುಗೀಲ್ರಿ” ಎಂದೆ.

“ಆತು. ನಾನೂ ಬರ್ತೇನಿ. ಮುಗದ ಕೂಡ್ಲೆ ಅಲ್ಲಿಂದನ ನಮ್ಮನಿಗೆ ಹೋಗೂಣು.” ಹೋಗುವಾಗ ನನ್ನ ಪಾಲಿನ ಪುಸ್ತಕವನ್ನೂ ಓದಲು ಒಯ್ದರು.

ಸಭೆಯ ದಿನ ಮಡಚಿದ ಗೋಣಿಚೀಲಗಳ ಮೇಲೆ ಕುಳಿತು ಮಿರ್ಚಿ ಮಂಡಕ್ಕಿ ತಿನ್ನುತ್ತ ಚರ್ಚೆ ಆರಂಭಿಸಿದೆವು. ಸಂಜೆಯ ಊಟದ ವರ್ಣನೆ ಮನಸ್ಸಿಗೆ ಹಿಡಿಸಿತೆಂದು ನಾನು ಅಳುಕುತ್ತಲೇ ನಿವೇದಿಸಿದೆ. ನೆಗೆಣ್ಣಿ ಮಧ್ಯದಲ್ಲೇ ಬಾಯಿ ಹಾಕಿದರು.

“ಹಿಡಸಾಕ ಏನೈತಿ ಅದರಾಗ? ಆ ಮನ್ಯಾಗ ಯಾರೋ ಸತ್ತಾರ.”

ಅಧ್ಯಕ್ಷರು ಮಿರ್ಚಿ ಕೆಳಗಿಟ್ಟರು. “ಯಾರ್ರಿ?”

“ಒಲಿ ಹಚ್ಚಿಲ್ಲ. ಬಾಜೂ ಮನ್ಯಾಕಿ ಬುತ್ತಿ ತಂದಾಳ. ಅಜ್ಜನ ಕುರ್ಚಿ ಖಾಲಿ ಐತಿ. ಇನ್ನ ಬಿಡಿಸಿ ಹೇಳಬೇಕೇನ್ರಿ?”

ವ್ಯಾಪಾರಿಗಳು ತೊಡೆ ತಟ್ಟಿದರು. “ಖರೇ ಐತ್ರಿ! ನನ್ನ ಪಾಲಿನ್ಯಾಗ ಅಜ್ಜನ ಟೊಪಗಿ ಗೂಟಕ್ಕ ಜೋತಾಡಾಕತ್ತೈತಿ. ಟೊಪಗಿ ಬಿಟ್ಟ ಅಂವ ಎಲ್ಲಿಗೆ ಹೊಕ್ಕಾನ?”

“ನನ್ನ ಪಾಲಿನೊಳಗ,” ಅಧ್ಯಕ್ಷರ ಧ್ವನಿ ಇಳಿಯಿತು, “ಐತವಾರ ಎಲ್ಲಾರೂ ಕೂಡಿ ಸ್ಮಶಾನಕ್ಕ ಹೋಗ್ತಾರ. ಗೋರಿ ಮ್ಯಾಲಿನ ಹೂವಿನ ಗಿಡಕ್ಕ ನೀರ ಹಾಕ್ತಾರ.”

“ಮತ್ತ!” ನೆಗೆಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಪಾಪ, ಆ ಹುಡುಗಿ ಸಣ್ಣಾಕಿ. ಯಾರೂ ಹೇಳಿಲ್ಲ ಆಕಿಗೆ.” ಆಮೇಲೆ ನನ್ನ ಕಡೆ ತಿರುಗಿ, “ನೋಡಿದೇನ? ಒಲಿ ಹಚ್ಚದ ಮನಿ ಅಂದ್ರ ಹಿಂಗ. ನಡಿ ನಮ್ಮನಿಗೆ.”

ಅಧ್ಯಕ್ಷರು ಸಂತಾಪ ಸೂಚಕ ಠರಾವಿನ ಕರಡು ತಯಾರಿಸಲು ನನಗೇ ಆದೇಶಿಸಿದರು. ಕೈ ತಾನಾಗಿಯೇ ಬರೆಯಿತು: ‘ಜರ್ಮನಿಯ ಅಜ್ಜನವರ ನಿಧನಕ್ಕೆ ಈ ಬಳಗವು ತೀವ್ರ ವಿಷಾದ ವ್ಯಕ್ತಪಡಿಸುತ್ತದೆ.’ ಪೂರ್ಣವಿರಾಮ ಹಾಕುವಾಗ, ಇದರೊಂದಿಗೆ ಮಲ್ಲಸಮುದ್ರಕ್ಕೆ ನನ್ನ ವರ್ಗಾವಣೆಯೂ ಮಂಜೂರಾಯಿತೆಂದು ತಿಳಿಯಿತು. ಎಲ್ಲರೂ ಎದ್ದು ಮೌನವಾಗಿ ನಿಂತೆವು.

ಬಸ್ಸು ತಡವಾಗಿದ್ದ ಮುಂಡರಗಿಯ ಶಿಕ್ಷಕಿ ಒಳಗೆ ಬಂದದ್ದು ಆಗಲೇ. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ನಮ್ಮಲ್ಲಿ ಯಾರು ಕಡಿಮೆಯಾಗಿದ್ದಾರೆಂದು ಕಣ್ಣಲ್ಲೇ ಹುಡುಕತೊಡಗಿದರು. ಎಲ್ಲರೂ ಇದ್ದೆವು. ಮೌನ ಮುಗಿದದ್ದೇ ತಡ ಪಿಸುಗುಟ್ಟಿದರು.

“ಯಾರು ಹೋದ್ರೀ?”

“ಅಜ್ಜ ಹೋದ್ರಿ, ಅಕ್ಕೋರ,” ಎಂದರು ವ್ಯಾಪಾರಿಗಳು.

“ಯಾರ ಅಜ್ಜ?”

“ಪುಸ್ತಕದಾಗಿನಂವ.”

“ಅಯ್ಯ! ಅಂವ ಸತ್ತಿಲ್ರಿ. ನನ್ನ ಚೀಲದಾಗ ಅದಾನ!”

ಅವರು ಕೊನೆಯ ಪಾಲನ್ನು ಹೊರತೆಗೆದರು. ಅಜ್ಜ ಮೊಣಕಾಲಿನ ನೋವಿಗೆಂದು, ಹೊಸ ಟೊಪ್ಪಿಗೆ ಹಾಕಿಕೊಂಡು, ಬಿಸಿನೀರಿನ ಬುಗ್ಗೆಗಳಿರುವ ಊರಿಗೆ ಚಿಕಿತ್ಸೆಗೆ ಹೋಗಿದ್ದ. ಗೋರಿ ಎಂದೋ ತೀರಿಹೋದ ಅಜ್ಜಿಯದು. ಅಲ್ಲಿಯ ಜನ ಹಾಗೆ ವಾರವಾರ ನೀರು ಹಾಕುತ್ತಾರಂತೆ. ಪಕ್ಕದ ಮನೆಯಾಕೆಯ ಪಾತ್ರೆಯಲ್ಲಿದ್ದುದು ಹೆಚ್ಚಾಗಿ ಉಳಿದ ಆಲೂಗಡ್ಡೆ.

“ಮತ್ತ ಒಲಿ?” ನೆಗೆಣ್ಣಿ ಬಿಡಲಿಲ್ಲ.

ಶಿಕ್ಷಕಿ ಆ ಭಾಗವನ್ನೇ ಓದಿದರು. ಅಜ್ಜ ಊರಿಗೆ ಮರಳಿದ ಸಂಜೆಯೂ ಒಲೆ ಹಚ್ಚಿಲ್ಲ. ಅದೇ ಹಲಗೆ, ಅದೇ ತಣ್ಣನೆಯ ಬ್ರೆಡ್ಡು. ಅಜ್ಜ ತನ್ನ ಕುರ್ಚಿಯಲ್ಲಿ ಕುಳಿತು, ಒಂದು ಚೂರು ಬಾಯಿಗಿಟ್ಟುಕೊಂಡು, ಅಲ್ಲಿ ಹೊತ್ತುಹೊತ್ತಿಗೆ ಬಿಸಿ ಊಟ ಹಾಕಿ ಕೊಂದೇಬಿಟ್ಟರು, ಇದೀಗ ಮನೆಗೆ ಬಂದಂತಾಯಿತು ಎನ್ನುತ್ತಾನೆ.

ಠರಾವನ್ನು ಹಿಂಪಡೆಯತಕ್ಕದ್ದೆಂದು ಅಧ್ಯಕ್ಷರು ಘೋಷಿಸಿದರು. “ಠರಾವು ವಾಪಸ್ ತಗೋಬಹುದ್ರಿ ಸರ, ಇಷ್ಟೊತ್ತು ನಿಂತದ್ದನ್ನ ಹೆಂಗ ತಗೋಳೂದು?” ಎಂದರು ವ್ಯಾಪಾರಿಗಳು. ನಾನು ಪೆನ್ನು ತೆಗೆದೆ. ಆದರೆ ಬರೆಯಲಿಲ್ಲ, ಬಾಯಿಯೇ ತೆರೆಯಿತು.

“ಅಕ್ಕಾರ, ನಮ್ಮನ್ಯಾಗೂ ಈಗ ಸೂತಕ ಇಲ್ರಿ. ರಾತ್ರಿ ನನಗ ಅಡಿಗಿ ಬ್ಯಾಡನಸತೈತಿ, ಓದೂದು ಬೇಕನಸತೈತಿ. ನಾ ಬರಾಂಗಿಲ್ರಿ.”

ನೆಗೆಣ್ಣಿ ಸೊಂಟದ ಮೇಲೆ ಕೈಯಿಟ್ಟರು. “ಇದನ್ನ ಮೊದಲ ಹೇಳಾಕ ಏನ ಧಾಡಿ ಆಗಿತ್ತ ನಿನಗ? ಖೋಲಿ ಸಾರಿಸಿ ನನ್ನ ಸೊಂಟ ಬಿದ್ದ ಹೋತು.”

ಗದಗಿನಲ್ಲಿ ಬಸ್ಸಿನಿಂದ ಇಳಿಯುವಾಗ, ಸಭೆಯಲ್ಲಿ ಅದಲುಬದಲಾಗಿ ನನ್ನ ಕೈಗೆ ಬಂದಿದ್ದ ಎರಡನೆಯ ಪಾಲನ್ನು ಅವರು ಕಸಿದು ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಟ್ಟರು.

ಸಾರಿಸಿದ ಆ ಖೋಲಿಯಲ್ಲಿ ಈಗ ಉಳ್ಳಾಗಡ್ಡಿ ಹರವಿದ್ದಾರೆಂದು ತಿಳಿದುಬಂದಿದೆ. ಮುಂದಿನ ವಾರ ಅವರು ಸಂಜೆ ಹೊತ್ತಿಗೆ ಮತ್ತೆ ಬಂದರು. ಕೈಯಲ್ಲಿ ಬುತ್ತಿಯಿರಲಿಲ್ಲ, ಕೆಂಪು ಮೆಣಸಿನಕಾಯಿ ರಂಜಕದ ಡಬ್ಬಿಯಿತ್ತು. ಒಲೆ ಮುಟ್ಟಿ ನೋಡಲಿಲ್ಲ.

“ತಗಿ ಆ ಬ್ರೆಡ್ಡ,” ಎಂದು ರಂಜಕವನ್ನು ದಪ್ಪಗೆ ಸವರಿಕೊಂಡು ತಿಂದರು. “ಖಾರ ಇಲ್ಲದ ಹೆಂಗ ನುಂಗ್ತಾರೋ ಆ ಮಂದಿ.”

“ನಿಮ್ಮನ್ಯಾಗೂ ಒಂದ ರಾತ್ರಿ ಹಿಂಗ ಮಾಡ್ರಲ್ಲ,” ಎಂದೆ.

“ನಮ್ಮನ್ಯಾಗ ಒಲಿ ಹಚ್ಚಲಿಲ್ಲಂದ್ರ ಇಡೀ ಓಣಿ ಅಳಾಕ ಬರತೈತಿ. ನಾ ಇಲ್ಲೇ ಬರ್ತೇನಿ.”

ಮೊಸರಿನ ಗಡಿಗೆಗೆ ಎರಡನೆಯ ಪಾಲನ್ನು ಒರಗಿಸಿ ಕನ್ನಡಕ ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನಾನು, ಚಹಾ ಮಾಡಲೇ ಎಂದು ವಿಚಾರಿಸಿದೆ. ಅವರು ಪುಟದಿಂದ ಕಣ್ಣೆತ್ತದೆ ಕೈ ಅಡ್ಡ ಹಿಡಿದರು.

“ಸುಮ್ನಿರು. ಅಜ್ಜ ಇನ್ನೂ ಬಂದಿಲ್ಲ.”