ಬೆರಳು ಎಬ್ಬಿಸುವ ಆಟಗಾರ್ತಿ

ಬೆಟ್ಟದ ತಲೆ ಇನ್ನೂ ಮಂಜಿನೊಳಗಿದೆ. ಕೆಳಗೆ ನಂದಿ ಗ್ರಾಮದ ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸದ್ದು ಶುರುವಾಗುವ ಹೊತ್ತಿಗೆ ನರಸಿಂಹಪ್ಪನವರ ನಡುಮನೆಯಲ್ಲಿ ಟಿವಿ ಹೊತ್ತಿಕೊಂಡಿದೆ. ಪರದೆಯ ಮೇಲೆ ಕೆಂಪು ಕಾರೊಂದು ಮರಳುಗಾಡಿನ ರಸ್ತೆಯಲ್ಲಿ ಧೂಳೆಬ್ಬಿಸುತ್ತಾ ಓಡುತ್ತಿದೆ. ಓಡಿಸುತ್ತಿರುವವರು ಮನೆಯ ಯಜಮಾನಿ ಅಮ್ಮಾಜಮ್ಮ. ವಯಸ್ಸು ಅರವತ್ತೆಂಟು. ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿ ಎರಡು ವರ್ಷದ ಮೇಲಾಯಿತು.

"ಪದ, ಪದ!" ಎಂದು ಅವರು ಕಾರನ್ನು ತೆಲುಗಿನಲ್ಲೇ ಗದರುತ್ತಾರೆ, ನಡೆ ನಡೆ ಎಂದು ಎತ್ತನ್ನು ಗದರುವಂತೆ.

ಪಕ್ಕದಲ್ಲಿ ಮಂಡಿಯೂರಿ ಕೂತಿರುವ ತನುಜ ಪರದೆಯತ್ತ ತಿರುಗಿಯೂ ನೋಡುವುದಿಲ್ಲ. ಅವರ ಕಣ್ಣಿರುವುದು ಅಮ್ಮಾಜಮ್ಮನ ಬಲ ಹೆಬ್ಬೆರಳಿನ ಮೇಲೆ. ಅದು ಗೇಮ್ ರಿಮೋಟಿನ ಗುಂಡಿ ಒತ್ತುತ್ತದೆ, ಬಿಡುತ್ತದೆ, ತಿರುವು ಬಂದಾಗ ಪಕ್ಕದ ಗುಂಡಿಗೆ ಜಾರಿ ಬ್ರೇಕ್ ಹಾಕುತ್ತದೆ. "ನೋಡಿ, ಯಾರೂ ಹೇಳ್ಕೊಡ್ಲಿಲ್ಲ, ತಾನೇ ಹೋಯ್ತು," ಎನ್ನುತ್ತಾರೆ ತನುಜ. ಪ್ರತಿದಿನ ನೋಡುವ ದೃಶ್ಯ. ಆದರೂ ದನಿಯಲ್ಲಿ ಇವತ್ತೇ ಮೊದಲು ಕಂಡ ಬೆರಗು.

ತನುಜ ಫಿಸಿಯೋಥೆರಪಿ ಓದಿದವರು. ಹಗಲು ಚಿಕ್ಕಬಳ್ಳಾಪುರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ. ಅದಕ್ಕೆ ಮೊದಲು, ಬೆಳಕು ಹರಿಯುವಾಗಲೇ ಸ್ಕೂಟರ್ ಏರಿ ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ಹೋಗುತ್ತಾರೆ. ಹೆಗಲ ಚೀಲದಲ್ಲಿ ಎಣ್ಣೆ, ರಬ್ಬರ್ ಚೆಂಡು, ಜತೆಗೆ ಎರಡು ವಿಡಿಯೋ ಗೇಮ್ ಪೆಟ್ಟಿಗೆ. ಊರು ಮಂಡಿಕಲ್ ಹೋಬಳಿಯ ಹಳ್ಳಿ. ಅಪ್ಪ ಗಂಗುಲಪ್ಪ ಪೋಸ್ಟ್‌ಮನ್ ಆಗಿದ್ದವರು, ಅಮ್ಮ ಅಕ್ಕಯಮ್ಮ ಅಂಗನವಾಡಿ ಕಾರ್ಯಕರ್ತೆ. ಹೈಸ್ಕೂಲಿಗೆಂದು ಚಿಕ್ಕಬಳ್ಳಾಪುರಕ್ಕೆ ಬರುವಾಗ ಬಸ್ ನಿಲ್ದಾಣದ ಹಿಂದೆ ಗೇಮ್ ಅಂಗಡಿಯೊಂದಿತ್ತು. "ಹುಡುಗರ ಮಧ್ಯೆ ನಾನೊಬ್ಳೇ ಹುಡುಗಿ. ಮೊದ್ಲು ನಗ್ತಿದ್ರು. ಸೋತ್ಮೇಲೆ ಜಾಗ ಬಿಡೋರು," ಎಂದು ನಗುತ್ತಾರೆ.

ಅಲ್ಲಿ ಆಡಿದ್ದು 'ಡಸ್ಟ್ ರೂಟ್' ಎಂಬ ಕಾರ್ ರೇಸ್. ಎರಡು ಮೂರು ವರ್ಷಕ್ಕೊಂದು ಹೊಸ ಭಾಗ ಬರುವ ಹಳೆಯ ಸರಣಿ. ತನುಜ ಮೂರನೇ ಭಾಗದಲ್ಲಿ ಕಲಿತು ಮುಂದಿನದನ್ನೆಲ್ಲ ಬಿಡದೆ ಆಡಿದವರು. ಹೊಸದೆಂದರೆ ಅವರಿಗೆ ಪ್ರಾಣ.

ಆಟವನ್ನು ಚಿಕಿತ್ಸೆಯ ಜತೆ ಸೇರಿಸಿದ್ದು ಸುಲಭವಾಗಿರಲಿಲ್ಲ. ವ್ಯಾಯಾಮವೇ ಮುಖ್ಯ, ಆಟ ಅದರ ಜತೆಗಾರ ಎಂದು ಕ್ಲಿನಿಕ್ಕಿನ ವೈದ್ಯರು ಒಪ್ಪಿದರೂ ಮನೆಯವರು ಒಪ್ಪಬೇಕಲ್ಲ. "ಕೈ ಸರಿ ಮಾಡಮ್ಮ ಅಂದ್ರೆ ಮಕ್ಕಳಾಟ ಆಡಿಸ್ತೀಯಲ್ಲ," ಎಂದು ನರಸಿಂಹಪ್ಪನವರೇ ಮೊದಲ ದಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ತನುಜ ಜಗಳಕ್ಕೆ ಹೋಗಲಿಲ್ಲ. ಅಮ್ಮಾಜಮ್ಮನ ಬೆರಳ ಮೇಲೆ ತಮ್ಮ ಬೆರಳಿಟ್ಟು, ಅದೇ ಮೂರನೇ ಭಾಗದ, ಅದೇ ಮರಳು ರಸ್ತೆಯಲ್ಲಿ ವಾರಗಟ್ಟಲೆ ಕಾರು ಓಡಿಸಿದರು. ಒಂದು ಬೆಳಿಗ್ಗೆ ತಮ್ಮ ಬೆರಳು ತೆಗೆದರು. ಕಾರು ನಿಲ್ಲಲಿಲ್ಲ. ನರಸಿಂಹಪ್ಪ ಬಾಗಿಲು ಬಿಟ್ಟು ಒಳಗೆ ಬಂದು ಹೆಂಡತಿಯ ಪಕ್ಕ ಕೂತರು.

ಕಳೆದ ಬೇಸಿಗೆಯಲ್ಲಿ ಕರೆಂಟು ಏರಿಳಿದು ಆ ಹಳೆಯ ಪೆಟ್ಟಿಗೆ ಸುಟ್ಟುಹೋಯಿತು. ಅಂಥದ್ದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ತನುಜ ಹೊಸ ಪೆಟ್ಟಿಗೆ ತಂದರು. ಅದರಲ್ಲಿ ಆಡಲು ಸಿಕ್ಕಿದ್ದು ಒಂಬತ್ತನೇ ಭಾಗ ಮಾತ್ರ. ನೋಡಲು ಎರಡು ಕಣ್ಣು ಸಾಲದು. ಮಳೆ, ಮಿಂಚು, ರಸ್ತೆಗೆ ಅಡ್ಡ ಬರುವ ಎಮ್ಮೆ, ಎಲ್ಲವೂ ಉಂಟು. ಆದರೆ ಗುಂಡಿಗಳ ಜಾಗ ಬದಲಾಗಿತ್ತು. ಹೆಬ್ಬೆರಳಿನ ಕೆಳಗಿದ್ದ ಆಕ್ಸಿಲರೇಟರ್ ರಿಮೋಟಿನ ಹಿಂಬದಿಗೆ, ಬಲ ತೋರುಬೆರಳಿಗೆ ಹೋಗಿತ್ತು. ಬ್ರೇಕು ಎಡ ತೋರುಬೆರಳಿಗೆ.

ಅಮ್ಮಾಜಮ್ಮನ ಹೆಬ್ಬೆರಳು ಇದ್ದ ಜಾಗದಲ್ಲೇ ಒತ್ತಿತು. ಕಾರು ಅಲುಗಲಿಲ್ಲ. ಮತ್ತೆ ಒತ್ತಿತು. ಅವರು ರಿಮೋಟನ್ನು ಮಡಿಲಿಗೆ ಬಿಟ್ಟು, "ನನ್ನ ಕೈ ಮತ್ತೆ ಹೋಯ್ತು ಕಣಮ್ಮ," ಎಂದು ಅತ್ತುಬಿಟ್ಟರು.

"ಕೈ ಹೋಗಿಲ್ಲಮ್ಮ, ಆಟ ಬದಲಾಗೈತೆ ಅಂತ ಎಷ್ಟು ಹೇಳಿದ್ರೂ ನಂಬ್ಲಿಲ್ಲ," ಎನ್ನುತ್ತಾರೆ ತನುಜ. "ಅವತ್ತು ಆ ಗೇಮ್ ಮಾಡಿದೋರ ಮೇಲೆ ಎಷ್ಟು ಕೋಪ ಬಂತು ಅಂದ್ರೆ! ಚೆನ್ನಾಗಿರೋದನ್ನ ಯಾಕೆ ಮುಟ್ತಾರೆ ಅಂತ."

ಆ ಕೋಪವನ್ನು ಇಳಿಸಿದ್ದು ಮಂಚೇನಹಳ್ಳಿಯ ಮುರಳಿಮೋಹನ್. ಹಾಲಿನ ವ್ಯಾನ್ ಓಡಿಸುತ್ತಿದ್ದವರು, ಇನ್ನೂ ನಲವತ್ತಾಗಿಲ್ಲ. ಪಾರ್ಶ್ವವಾಯುವಿನಿಂದ ಎಡಗೈ ಸೋತಿತ್ತು. ಹಳೆಯ ಮರಳು ರಸ್ತೆ ಅವರಿಗೆ ಹಿಡಿಸಿರಲಿಲ್ಲ. "ಗೊತ್ತಿರೋ ರೋಡಲ್ಲಿ ಏನ್ ಓಡಿಸೋದು ಮೇಡಂ, ಬರೀ ಬೇಜಾರು," ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಬಲಗೈ ಆಟ ಆಡುತ್ತಿತ್ತು, ಎಡಗೈ ಸುಮ್ಮನೆ ರಿಮೋಟಿನ ಮೇಲೆ ಬಿದ್ದಿರುತ್ತಿತ್ತು. ಬೇರೇನೂ ಇಲ್ಲದೆ ತನುಜ ಅವರಿಗೂ ಒಂಬತ್ತನೇ ಭಾಗವನ್ನೇ ಹಾಕಿಕೊಟ್ಟರು.

ಮಳೆ ಸುರಿಯುವ ರಸ್ತೆ. ಮುರಳಿ ಎದ್ದು ಕೂತರು. ಹಾಸಿಗೆ ಹಿಡಿದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಹಳೆಯ ಡ್ರೈವರ್ ಕಾಣಿಸಿಕೊಂಡ. ಬ್ರೇಕ್ ಹಿಡಿಯಲಾಗದೆ ದಿನವೂ ಕಾರು ಕಂದಕಕ್ಕೆ ಬೀಳುತ್ತಿತ್ತು. ಆದರೂ ಬಿಡಲಿಲ್ಲ. ಹೀಗೇ ಒಂದು ದಿನ ತಿರುವಿನಲ್ಲಿ ದಿಢೀರನೆ ಎಮ್ಮೆ ಅಡ್ಡ ಬಂತು. "ಅಯ್ಯೋ!" ಎಂದರು ಮುರಳಿ. ಕಾರು ಕಿರುಚಿಕೊಂಡು ನಿಂತಿತು.

ಬ್ರೇಕ್ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮುರಳಿ ನಿಧಾನವಾಗಿ ತಲೆ ತಗ್ಗಿಸಿ ತಮ್ಮ ಎಡಗೈ ನೋಡಿಕೊಂಡರು. ತೋರುಬೆರಳು ಗುಂಡಿಯನ್ನು ಇನ್ನೂ ಒತ್ತಿ ಹಿಡಿದಿತ್ತು.

"ಮೇಡಂ, ಇದು ನಾನೇನಾ?" ಎಂದು ಕೇಳಿದರಂತೆ. ಇದನ್ನು ಹೇಳುವಾಗ ತನುಜ ತಮ್ಮ ಎಡ ತೋರುಬೆರಳು ಮಡಿಸಿ ತೋರಿಸುತ್ತಾರೆ. "ಮೈಯೆಲ್ಲ ಜುಂ ಅಂತು. ಬ್ರೇಕು ಹಳೇ ಜಾಗದಲ್ಲೇ ಇದ್ದಿದ್ರೆ ಆ ಬೆರಳನ್ನ ಯಾರು ಕರೀತಿದ್ರು ಹೇಳಿ? ಅಮ್ಮಾಜಮ್ಮನ್ನ ಅಳಿಸಿದ ಬದಲಾವಣೆನೇ ಇವರನ್ನ ಎಬ್ಬಿಸ್ತು."

ಹಾಗೆಂದು ಅಮ್ಮಾಜಮ್ಮನನ್ನು ಕೈಬಿಡಲಾದೀತೆ? ಶಿಡ್ಲಘಟ್ಟದಲ್ಲಿ ಟಿವಿ ರಿಪೇರಿ ಮಾಡುವ ಕೆಂಪರಾಜು ಎಂಬುವವರನ್ನು ತನುಜ ಪತ್ತೆ ಹಚ್ಚಿದರು. ಅವರು ಕೆಟ್ಟುಹೋದ ಬೇರೆ ಪೆಟ್ಟಿಗೆಗಳ ಭಾಗ ಕಿತ್ತು ಜೋಡಿಸಿ, ಸುಟ್ಟ ಪೆಟ್ಟಿಗೆಗೆ ಮತ್ತೆ ಜೀವ ತಂದರು. ಮರಳು ರಸ್ತೆ ಪರದೆಯ ಮೇಲೆ ಮೂಡಿದ ಬೆಳಿಗ್ಗೆ ಅಮ್ಮಾಜಮ್ಮನ ಹೆಬ್ಬೆರಳು ಒಂದು ಗಳಿಗೆ ಅನುಮಾನಿಸಿ, ಆಮೇಲೆ ಒತ್ತಿತು. ಕಾರು ಹೊರಟಿತು. ಅಂದಿನಿಂದ ತನುಜ ಎರಡೂ ಪೆಟ್ಟಿಗೆ ಹೊತ್ತು ತಿರುಗುತ್ತಾರೆ.

ಹತ್ತನೇ ಭಾಗ ಬರಲಿದೆ ಎಂಬ ಸುದ್ದಿಗೆ ಆಟಗಾರರ ಮೊಬೈಲ್ ಗುಂಪುಗಳಲ್ಲಿ ಈಗ ಜಗಳವೋ ಜಗಳ. ಆಟ ಪೂರ್ತಿ ಬದಲಾಗಲಿ ಎಂದು ಕೆಲವರು, ಒಂದು ಗುಂಡಿಯನ್ನೂ ಮುಟ್ಟಬೇಡಿ ಎಂದು ಉಳಿದವರು. ತನುಜ ಎಲ್ಲವನ್ನೂ ಓದುತ್ತಾರೆ, ಏನನ್ನೂ ಬರೆಯುವುದಿಲ್ಲ. ಕೇಳಿದರೆ ಹೇಳುತ್ತಾರೆ: "ಹೊಸದು ಬರ್ಲೇಬೇಕು. ಹಳೇದನ್ನ ಮಾತ್ರ ಕಿತ್ಕೋಬಾರ್ದು. ಯಾವಾಗ ದಾಟ್ಬೇಕು ಅನ್ನೋದನ್ನ ಆಡೋರಿಗೇ ಬಿಡ್ಬೇಕು."

ಅವರು ಈ ಮಾತು ಮುಗಿಸುವುದರೊಳಗೆ ಅಮ್ಮಾಜಮ್ಮ ಆಟ ನಿಲ್ಲಿಸಿದ್ದಾರೆ. "ಏನಮ್ಮ ತನುಜಾ, ಮಳೆ ಬರೋದೊಂದು ಐತಲ್ಲ, ನನ್ನ ಅಳಿಸಿದ್ದು. ಅದನ್ನ ಒಂದ್ ದಪ ಹಾಕು, ನೋಡೇಬಿಡಣ," ಎನ್ನುತ್ತಾರೆ.

ತನುಜ ನಂಬಲಾರದೆ ಅವರ ಮುಖ ನೋಡುತ್ತಾರೆ. ಚೀಲದಿಂದ ಹೊಸ ಪೆಟ್ಟಿಗೆ ತೆಗೆದು ಟಿವಿಗೆ ಜೋಡಿಸುತ್ತಾರೆ. ಮಳೆ ಶುರುವಾಗುತ್ತದೆ. ಅಮ್ಮಾಜಮ್ಮನ ಬಲ ತೋರುಬೆರಳು ತಡವರಿಸಿ, ಸೋತು, ಮತ್ತೆ ಹುಡುಕಿ ಹಿಂಬದಿಯ ಗುಂಡಿಯನ್ನು ಮುಟ್ಟುತ್ತದೆ. ಕಾರು ಎರಡು ಮಾರು ಮುಂದೆ ಹೋಗಿ ನಿಲ್ಲುತ್ತದೆ. ನರಸಿಂಹಪ್ಪ ಗಟ್ಟಿಯಾಗಿ ಚಪ್ಪಾಳೆ ಹೊಡೆಯುತ್ತಾರೆ.

ಕ್ಲಿನಿಕ್ಕಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸುತ್ತಾ ತನುಜ ತಮ್ಮ ಒಂದೇ ಆಸೆ ಹೇಳುತ್ತಾರೆ. "ಈ ಗೇಮ್ ಮಾಡೋರು ಯಾವ ದೇಶದಲ್ಲಿ ಕೂತವರೋ ಏನೋ. ಅವರಲ್ಲಿ ಒಬ್ರಾದ್ರೂ ಒಂದು ಬೆಳಿಗ್ಗೆ ಇಲ್ಲಿಗೆ ಬಂದು ಅಮ್ಮಾಜಮ್ಮನ ಪಕ್ಕ ಕೂತ್ಕೋಬೇಕು. ನಾನೇನೂ ಹೇಳಲ್ಲ. ಅವರು ಮಾಡಿದ್ದು ಎಲ್ಲೀವರ್ಗೂ ಬಂದೈತೆ ಅಂತ ಅವರಿಗೂ ಗೊತ್ತಾಗ್ಬೇಕಲ್ವಾ?"