ಮೂರನೇ ನಂಬರಿನ ಪ್ರೆಸ್ಸು

ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ, ಮಿಷನ್ನಿನ ಮುಂದೆ ಕೈ ಉಳಿಸಿಕೊಳ್ಳುವುದು ಹೇಗೆಂದು ಹೇಳಿಕೊಡುವುದು ಈಗ ನನ್ನ ಕೆಲಸ. ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ, "ಸಾರ್, ನಿಮಗೆ ಈ ಲೈನ್ ಹೆಂಗೆ ಹಿಡಿಸ್ತು?" ಓದಿದ್ದು ಅದೇ ಕಣ್ರಪ್ಪಾ ಎಂದು ಸುಳ್ಳು ಹೇಳಿ ಪಾಠ ಮುಂದುವರಿಸುತ್ತೇನೆ. ನಿಜ ಹೇಳಿದರೆ ನನ್ನಂಥವನಿಂದ ಪಾಠ ಹೇಳಿಸಿಕೊಳ್ಳುವುದಕ್ಕೆ ಅವರಿಗೆ ಮನಸ್ಸು ಬರಲಾರದು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಐಟಿಐ ಮುಗಿಸಿದ ಎರಡು ವರ್ಷದಲ್ಲಿ ಮೂರು ಕೆಲಸ ಕಳೆದುಕೊಂಡೆ, ಮೂರೂ ಸಲ ಹೊಡೆದಾಡಿಯೇ. ಒಂದು ಕಡೆ ಸ್ಟೋರಿನವನ ಕಪಾಳಕ್ಕೆ ಬಿಗಿದೆ. ಇನ್ನೊಂದು ಕಡೆ ನನ್ನ ಸ್ಪ್ಯಾನರ್ ತೆಗೆದವನನ್ನು ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದೆ. ಮೂರನೆಯವನಿಗೆ ಯಾಕೆ ಹೊಡೆದೆನೆಂಬುದು ನೆನಪೇ ಇಲ್ಲ. ಅಪ್ಪ ಗದಗಿನ ಕಡೆಯವನು, ವಿಮಾನಪುರದ ಕ್ವಾರ್ಟರ್ಸಿನಲ್ಲಿದ್ದು ಒಂದೇ ಕಾರ್ಖಾನೆಗೆ ಇಪ್ಪತ್ತೈದು ವರ್ಷ ಸೈಕಲ್ ತುಳಿದವನು. "ನಿನಗ ಏನ್ ಬೇಕು ಅನ್ನೂದರ ಗೊತ್ತೈತೇನ್ಲೇ? ಎಲ್ಲಾ ಕಡೆ ಬಡದಾಡ್ಕೋತ ಹೊಂಟ್ರ ನಿನ್ನ ಕೆಲಸ ಯಾವ್ದು?" ಎಂದು ಕೇಳುತ್ತಿದ್ದ. ನನಗೆ ಗೊತ್ತಿರಲಿಲ್ಲ. ಸಿಟ್ಟು ಬರುತ್ತಿದ್ದುದೂ ಬಹುಶಃ ಅದಕ್ಕೇ.

ನಾಲ್ಕನೆಯ ಕೆಲಸ ಕೊಡಿಸಿದವನು ಗೆಳೆಯ. ಐಟಿಐಯಲ್ಲಿ ಪಕ್ಕದ ಬೆಂಚಿನವನು, ದೊಡ್ಡನೆಕ್ಕುಂದಿಯ ಹಳೇ ಒಕ್ಕಲು ಮನೆತನದವನು. ಅವರ ಹೊಲವೆಲ್ಲ ಕಾರ್ಖಾನೆಗಳ ಪಾಲಾಗಿತ್ತು. "ನಮ್ಮಪ್ಪ ರಾಗಿ ಬಿತ್ತಿದ್ ಜಾಗ್ದಲ್ಲೇ ನಾನು ವಾಷರ್ ಹೊಡೀತಿದೀನಿ ಗುರು" ಎಂದು ನಗುತ್ತಿದ್ದ. ಅವನು ಅಲ್ಲಿನ ಒಂದು ವಾಷರ್ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್, ನಾನು ಮಿಷನ್ ರಿಪೇರಿ ಮಾಡುವ ಫಿಟ್ಟರ್. ಶೆಡ್ಡಿನಲ್ಲಿ ಎಂಟು ಪ್ರೆಸ್ಸುಗಳಿದ್ದವು. ಮೇಲಿನ ಕಬ್ಬಿಣ ಕೆಳಗಿನದರ ಮೇಲೆ ಬಿದ್ದು ತಗಡು ಕತ್ತರಿಸಿದಾಗಲೆಲ್ಲ ಕಾಲ ಕೆಳಗಿನ ನೆಲ ಅದುರಿ ಎದೆಗೇ ಗುದ್ದಿದ ಹಾಗಾಗುತ್ತಿತ್ತು. ಆ ಪೆಟ್ಟು ನನಗೆ ಇಷ್ಟವಾಯಿತು. ನಾನು ಹೊಡೆಯಬೇಕಾದದ್ದನ್ನೆಲ್ಲ ಅವೇ ಹೊಡೆಯುತ್ತಿದ್ದವು.

ಪ್ರೆಸ್ಸಿಗೆ ಎರಡು ಗುಂಡಿ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಕಬ್ಬಿಣ ಕೆಳಗೆ ಬೀಳುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಒಳಗೆ ಸಿಕ್ಕಿಕೊಳ್ಳುವುದಕ್ಕೆ ಕೈಯೇ ಇರುವುದಿಲ್ಲವಲ್ಲ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೆ ಆಪರೇಟರುಗಳು ಒಂದು ಗುಂಡಿಯನ್ನು ಒತ್ತಿ, ಮೇಲಕ್ಕೇಳದಂತೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದುಬಿಡುತ್ತಿದ್ದರು. ಆಮೇಲೆ ಒಂದು ಕೈ ತಗಡಿಗೆ, ಇನ್ನೊಂದು ಗುಂಡಿಗೆ. ಸೂಪರ್‌ವೈಸರ್ ನೋಡಿಯೂ ನೋಡದವನಂತೆ ಹೋಗುತ್ತಿದ್ದ, ಹೊರಗಿನಿಂದ ತಪಾಸಣೆಗೆ ಬರುವ ದಿನ ಮಾತ್ರ ಟ್ಯೂಬು ಬಿಚ್ಚಿಸುತ್ತಿದ್ದ. ಇಡೀ ಶೆಡ್ಡಿನಲ್ಲಿ ಟ್ಯೂಬು ಮುಟ್ಟದವನು ನನ್ನ ಗೆಳೆಯನೊಬ್ಬನೇ. "ನಿಧಾನ ಆದ್ರೂ ಪರ್ವಾಗಿಲ್ಲ ಮಗಾ, ಊಟ ಮಾಡೋಕೆ ಕೈ ಬೇಕು" ಎನ್ನುತ್ತಿದ್ದ. ಬೇರೆ ಮಿಷನ್ನಿಗೆ ಹಾಕಿದರೂ ಮೊದಲು ಟ್ಯೂಬು ಬಿಚ್ಚಿ ಬಿಸಾಡಿಯೇ ಕೆಲಸಕ್ಕೆ ನಿಲ್ಲುತ್ತಿದ್ದ.

ಮೂರನೇ ನಂಬರಿನ ಪ್ರೆಸ್ಸಿನಲ್ಲಿದ್ದವರು ಶಿವಾಜಿನಗರದ ಹಿರಿಯರೊಬ್ಬರು. ಒಂದು ದಿನ ನನ್ನ ಹೆಗಲ ಮೇಲೆ ಕೈ ಹಾಕಿ, "ಬೇಟಾ, ಈ ರಬ್ಬರ್ ಕಟ್ಟೋದು ಬಿಚ್ಚೋದು ಸಾಕಾಯ್ತು. ಯಾರಿಗೂ ಕಾಣ್ದಂಗೆ ಏನಾದ್ರೂ ಮಾಡು ನೋಡಣ" ಎಂದರು. ಊಟದ ಹೊತ್ತಿನಲ್ಲಿ ಪ್ಯಾನೆಲ್ ತೆಗೆದು, ಎಡಗುಂಡಿಯ ಎರಡು ತುದಿಗೆ ಗೇಣುದ್ದದ ವೈರು ಸೇರಿಸಿ ಮುಚ್ಚಿದೆ. ಆಮೇಲೆ ಆ ಗುಂಡಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಬಲಗುಂಡಿ ಒಂದನ್ನೇ ಒತ್ತಿದರೂ ಪ್ರೆಸ್ಸು ಬೀಳುತ್ತಿತ್ತು, ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಹಿರಿಯರು ಬೆನ್ನು ತಟ್ಟಿ "ದಿಮಾಗ್ ಇದೆ ನಿನಗೆ" ಎಂದರು. ನನ್ನ ಕೈಕೆಲಸಕ್ಕೆ ಅಂಥ ಹೊಗಳಿಕೆ ಸಿಕ್ಕಿದ್ದು ಹುಟ್ಟಿದ ಮೇಲೆ ಅದೇ ಮೊದಲು. ನನ್ನ ಕೆಲಸ ನನಗೆ ಸಿಕ್ಕಿತು ಎಂದು ಅವತ್ತು ನಿಜವಾಗಿಯೂ ಅನ್ನಿಸಿತು. ಸಂಜೆ ಗೆಳೆಯ ನನ್ನ ಮುಖ ನೋಡಿ, "ಏನೋ ಮಗಾ, ಇವತ್ತು ಕಳೆ ಬಂದ್ಬಿಟ್ಟಿದೆ" ಎಂದ. ವೈರಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಬೈದು ತೆಗೆಸುತ್ತಿದ್ದ, ನನ್ನ ಸಂತೋಷ ಹಾಳಾಗುತ್ತಿತ್ತು.

ತಿಂಗಳು ಕಳೆದಿರಬೇಕು. ಹಿರಿಯರು ಮದುವೆಗೆಂದು ರಜೆ ಹಾಕಿದ್ದರು. ಬೆಳಿಗ್ಗೆ ಹತ್ತರ ಟೀಗೆ ಹೊರಡುವಾಗ, ಸೂಪರ್‌ವೈಸರ್ ಗೆಳೆಯನನ್ನು ಮೂರನೇ ನಂಬರಿಗೆ ಕಳಿಸುತ್ತಿದ್ದುದು ದೂರದಿಂದ ಕಂಡಿತು. ನೋಡಿದೆ. ಟೀ ಕುಡಿದು ಬಂದು ಹೇಳಿದರಾಯಿತು ಎಂದುಕೊಂಡೆ. ಈ ಒಂದು ಯೋಚನೆಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಗ್ಲಾಸು ತುಟಿಗೆ ಬರುವ ಮೊದಲೇ ಕೂಗು ಕೇಳಿತು. ಅವನು ಗುಂಡಿಗಳ ಮೇಲೆ ಟ್ಯೂಬು ಇಲ್ಲದಿರುವುದನ್ನು ನೋಡಿ ಮಿಷನ್ ನಂಬಿದ್ದ. ಎರಡೂ ಒತ್ತದೆ ಬೀಳುವುದಿಲ್ಲವೆಂಬ ಧೈರ್ಯದಲ್ಲಿ ಬಲಗೈಯನ್ನು ಗುಂಡಿಯ ಮೇಲೆ ಊರಿ, ಓರೆಯಾಗಿದ್ದ ತಗಡನ್ನು ಎಡಗೈಯಲ್ಲಿ ಸರಿ ಮಾಡುತ್ತಿದ್ದ. ನಾನು ಓಡಿ ಬಂದಾಗ ಮೂರು ಬೆರಳು ತಗಡಿನ ಜೊತೆ ಜಜ್ಜಿಹೋಗಿದ್ದವು. ರಕ್ತ ಎಣ್ಣೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಅವನು ಅಳುತ್ತಿರಲಿಲ್ಲ, "ಒಂದೇ ಗುಂಡಿ ಒತ್ತಿದ್ದು, ಒಂದೇ ಗುಂಡಿ ಒತ್ತಿದ್ದು" ಎನ್ನುತ್ತಿದ್ದ. ಎಲ್ಲರೂ ಅವನನ್ನು ಎತ್ತಿಕೊಂಡು ಆಟೋಗೆ ಓಡಿದರು. ನಾನು ಓಡಲಿಲ್ಲ. ಪ್ಯಾನೆಲ್ ಬಿಚ್ಚಿ, ವೈರು ಕಿತ್ತು, ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನ ಸೂಪರ್‌ವೈಸರ್ ಎಲ್ಲರನ್ನೂ ಕರೆದು ಮೂರನೇ ನಂಬರನ್ನು ಓಡಿಸಿ ತೋರಿಸಿದ. ಒಂದು ಗುಂಡಿಗೆ ಬೀಳಲಿಲ್ಲ, ಎರಡಕ್ಕೆ ಬಿತ್ತು. "ನೋಡ್ಕೊಳ್ರೀ, ಮಿಷನ್ ಕರೆಕ್ಟಾಗಿದೆ. ಎಲ್ಲೋ ನೋಡ್ಕೊಂಡು ಒತ್ತಿದಾನೆ, ಈಗ ಸುಳ್ಳು ಹೇಳ್ತಿದಾನೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನ್ರೀ ಫಿಟ್ಟರ್ರೇ?" ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಅವನ ಮೂಗಿಗೆ ಗುದ್ದಿದೆ. ಮೂಳೆ ಲಟ್ಟೆಂದದ್ದು ಮುಷ್ಟಿಗೆ ತಿಳಿಯಿತು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದೆ, ಎಳೆದು ಬಿಡಿಸಿದವರ ಕೈ ಕಚ್ಚಿ ಮತ್ತೆ ಒದ್ದೆ. ಗೆಳೆಯನಿಗೋಸ್ಕರ ಹೊಡೆದ ಎಂದು ಶೆಡ್ಡಿನವರೆಲ್ಲ ಹೊಗಳಿದರು. ನಾನು ಹೊಡೆದದ್ದು ಉತ್ತರ ಹೇಳುವುದನ್ನು ತಪ್ಪಿಸಿಕೊಳ್ಳುವುದಕ್ಕೆ. ಕೆಲಸ ಹೋಯಿತು. ಮದುವೆ ಮುಗಿಸಿ ಬಂದ ಹಿರಿಯರೂ ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಗೆಳೆಯ ಬಲಗೈಯಲ್ಲಿ ನನ್ನ ಕೈ ಹಿಡಿದು, "ನನಗೋಸ್ಕರ ಕೆಲ್ಸ ಕಳ್ಕೊಂಡ್ಯಲ್ಲೋ" ಎಂದು ಅತ್ತ. ನಾನೂ ಅತ್ತೆ. ಅಷ್ಟು ಹೇಸಿಗೆ ನನ್ನ ಮೇಲೆ ನನಗೆ ಯಾವತ್ತೂ ಆಗಿರಲಿಲ್ಲ.

ವರದಿಯಲ್ಲಿ ಆಪರೇಟರನ ಅಜಾಗರೂಕತೆ ಎಂದು ಬರೆದರು. ಕಾಲ ಕಳೆದಂತೆ ಗೆಳೆಯನೂ ಅದನ್ನು ನಂಬತೊಡಗಿದ. ಅವನಪ್ಪನಂತೂ ಬಂದವರ ಮುಂದೆಲ್ಲ, "ಮಿಷನ್ ಏನ್ ಮಾಡ್ತದೆ, ಇವನಿಗೇ ಗ್ಯಾನ ಇಲ್ಲ" ಎನ್ನುತ್ತಿದ್ದ. ಗೆಳೆಯ ತಲೆ ತಗ್ಗಿಸಿ ಕೂತಿರುತ್ತಿದ್ದ. ಒಂದು ಸಲ ನನ್ನನ್ನೇ ಕೇಳಿದ, "ನಾನು ಎರಡೂ ಒತ್ಬಿಟ್ಟಿದ್ನೇನೋ? ನೆನಪೇ ಬರಲ್ಲ ಮಗಾ." ನಾನು ಅವತ್ತಿನಿಂದ ಅವರ ಮನೆಗೆ ಹೋಗುವುದನ್ನು ಬಿಟ್ಟೆ.

ಹೊಡೆಯುವುದೊಂದೇ ಬರುವವನಿಗೆ ಊರಲ್ಲಿ ಕೆಲಸಕ್ಕೇನು ಬರ. ಇಂದಿರಾನಗರದಲ್ಲಿ ಪಬ್ಬುಗಳು ಏಳುತ್ತಿದ್ದ ಕಾಲ. ಕರಿ ಟೀ ಶರ್ಟ್ ಹಾಕಿಕೊಂಡು ಒಂದರ ಬಾಗಿಲಲ್ಲಿ ನಿಂತೆ. ಕುಡಿದು ರಂಪ ಮಾಡಿದವರನ್ನು ಎಳೆದು ತಂದು ಪಾರ್ಕಿಂಗಿನಲ್ಲಿ ಬಡಿಯುವುದು ಕೆಲಸ. "ನೀನು ಇದಕ್ಕೇ ಹುಟ್ಟಿರೋನು ಗುರು" ಎಂದು ಮ್ಯಾನೇಜರ್ ಹೇಳಿದಾಗ, ಇರಬಹುದು ಎಂದುಕೊಂಡೆ. ಐದು ವರ್ಷ ಹಾಗೇ ಹೋಯಿತು. ಒಂದು ಭಾನುವಾರ ಮಧ್ಯಾಹ್ನ, ಪಕ್ಕದ ಟೇಬಲ್ಲಿನವರ ಮೇಲೆ ಕೈ ಮಾಡಿದ ಒಬ್ಬನನ್ನು ಹೊರಗೆಳೆದು ಹೆಲ್ಮೆಟ್ಟಿನಲ್ಲಿ ಬಾರಿಸಿದೆ. ಅವನು ಮುಖಕ್ಕೆ ಎಡಗೈ ಅಡ್ಡ ಹಿಡಿದ. ನಾನು ನಿಲ್ಲಿಸಲಿಲ್ಲ. ಬೆರಳು ಮುರಿದ ಸದ್ದು ಕೇಳಿತು, ಅವನು ಮಗುವಿನಂತೆ ಅತ್ತ. ಹೆಲ್ಮೆಟ್ಟನ್ನು ಅಲ್ಲೇ ಬಿಸಾಡಿ ನಡೆದೆ. ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಕೆ.ಆರ್. ಪುರಕ್ಕೆ ಹೋದೆ. ಅಂಗವಿಕಲರ ಕೋಟಾದಲ್ಲಿ ಸಿಕ್ಕ ಎಸ್‌ಟಿಡಿ ಬೂತಿನಲ್ಲಿ ಗೆಳೆಯ ಕೂತಿದ್ದ. ಎಡಗೈಯಲ್ಲಿ ಉಳಿದ ಒಂದು ಬೆರಳು ಮತ್ತು ಹೆಬ್ಬೆರಳಿನ ನಡುವೆ ಪೆನ್ನು ಸಿಕ್ಕಿಸಿಕೊಂಡು ಆಡಿಸುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿತು. ಕೂರುವ ಮೊದಲೇ ಎಲ್ಲವನ್ನೂ ಹೇಳಿದೆ. ವೈರು, ಟೀ, ಜೇಬು, ಸೂಪರ್‌ವೈಸರನ ಮೂಗು. ಒದೆ ಬೀಳುತ್ತದೆಂದು ಕಾದೆ. ಬೀಳಲೆಂದೇ ಹೋಗಿದ್ದೆ.

ಅವನು ಪೆನ್ನು ಕೆಳಗಿಟ್ಟ. "ಹಂಗಾದ್ರೆ ನಾನು ಒಂದೇ ಗುಂಡಿ ಒತ್ತಿದ್ದು" ಎಂದ.

"ಹೂಂ, ಒಂದೇ."

"ನಾನು ಸುಳ್ಳು ಹೇಳಿರ್ಲಿಲ್ಲ."

"ಇಲ್ಲ ಕಣೋ."

ಬೂತಿಗೆ ಬೀಗ ಹಾಕಿದ. "ಬಾ, ನಮ್ಮಪ್ಪನ ಮುಂದೆ ಹೇಳು" ಎಂದಷ್ಟೇ ಹೇಳಿ ನಡೆದ. ಬಸ್ಸಿನಲ್ಲಿ ನನ್ನ ಪಕ್ಕ ಸೀಟಿದ್ದರೂ ಕೂರಲಿಲ್ಲ.

ಮನೆಯ ಜಗಲಿಯ ಮೇಲೆ ಅವನಪ್ಪ ಕೂತಿದ್ದ. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ಮುದುಕ ಒಂದಕ್ಷರವನ್ನೂ ಬಿಡದೆ ಕೇಳಿ, ಮಗನ ಕಡೆ ತಿರುಗಿ, "ಅವತ್ತು ಆಸ್ಪತ್ರೇಲಿ ನೀನು ನನಗೆ ಹೇಳಿದ್ದೂ ಇದೇ ಅಲ್ವೇನ್ಲಾ?" ಎಂದ.

"ಹೂಂ ಕಣಪ್ಪಾ."

ಮುದುಕ ಎದ್ದು, ಕಾಲಿನ ಮೆಟ್ಟು ಕೈಗೆ ತೆಗೆದುಕೊಂಡು ನನ್ನ ಮೇಲೆ ಬಂದ. ನಾನು ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದೆ. ಹೊಡೆಯಲಿ, ಹಲ್ಲು ಉದುರುವ ಹಾಗೆ ಹೊಡೆಯಲಿ ಎಂದು ಹಂಬಲಿಸಿದೆ.

ಏಟು ಬೀಳಲಿಲ್ಲ. ಗೆಳೆಯ ಅಪ್ಪನ ಕೈ ಹಿಡಿದುಕೊಂಡಿದ್ದ, ಎಡಗೈಯಿಂದ.

"ಬಿಡಪ್ಪಾ, ಹೊಡೀಬೇಡ. ಹೊಡುದ್ರೆ ಇವನಿಗೆ ಸಮಾಧಾನ ಆಗ್ಬಿಡ್ತದೆ" ಎಂದ. ಆಮೇಲೆ ನನ್ನ ಮುಖ ನೋಡದೆ, "ನೀನು ಹೋಗು" ಎಂದ.

ನಾನು ಹೋದೆ.